ಮೆತ್ತನೆ ಚೀಲದ ಅಧ್ಯಕ್ಷರು

ಕನ್ನಡಕದ ಅಂಗಡಿಯ ಚಾಳೀಸಪ್ಪನವರು ಎದುರು ಸಿಕ್ಕವರನ್ನು ‘ಚೆನ್ನಾಗಿದ್ದೀರಾ’ ಎಂದು ಎಂದೂ ಕೇಳಿದವರಲ್ಲ. ‘ಪೇಪರ್ ಎಷ್ಟು ದೂರ ಹಿಡ್ಕೊಂಡು ಓದ್ತೀರಿ?’ ಎಂದು ಕೇಳುತ್ತಿದ್ದರು. ತೋಳು ನೀಡಿ ಓದುವ ವಯಸ್ಸಿಗೆ ಬಂದವರು ಅವರನ್ನು ದೂರದಿಂದ ಕಂಡರೇ ಬೀದಿಯ ಆಚೆ ಬದಿಗೆ ಸರಿಯುತ್ತಿದ್ದರು. ಸಿಕ್ಕಿಬಿದ್ದವರಿಗೆ ಕನ್ನಡಕವೂ ಖಾತ್ರಿ, ಉಪದೇಶವೂ ಖಾತ್ರಿ.

ಅಂಗಡಿ ಉದ್ದಕ್ಕೆ ರೈಲುಡಬ್ಬಿಯಂತಿತ್ತು. ಎರಡೂ ಗೋಡೆಗಳ ಮೇಲೆ ಸಾಲುಸಾಲಾಗಿ ಚೌಕಟ್ಟುಗಳು, ಕೊನೆಯಲ್ಲಿ ಅಕ್ಷರಗಳ ಫಲಕ, ಅದರ ಪಕ್ಕದಲ್ಲೊಂದು ಪರದೆ. ಪರದೆಯ ಹಿಂದೆ ಅವರ ಹೆಂಡತಿಯ ಹೊಲಿಗೆ ಯಂತ್ರ. ಆಕೆ ಯಾವಾಗಲೂ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಿದ್ದುದರಿಂದ ಆಕೆಯ ಮಾತು ಚಿಕ್ಕದಿರುತ್ತಿತ್ತು, ಚುಚ್ಚುವಂತೆಯೂ ಇರುತ್ತಿತ್ತು. ಗಂಡ ಹಾಗಲ್ಲ. ಒಂದು ಮಸೂರವನ್ನು ಕಾಗದದಲ್ಲಿ ಸುತ್ತುವಾಗಲೂ ಅದನ್ನು ಏಕೆ ಸುತ್ತಬೇಕು, ಸುತ್ತದಿದ್ದರೆ ಏನಾಗುತ್ತದೆ, ಸುತ್ತದೆ ಕೆಟ್ಟವರು ಯಾರು ಯಾರು ಎಂದೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಗಿರಾಕಿಗೆ ಇನ್ನೊಂದು ನಂಬರು ಏರಿರುತ್ತಿತ್ತು.

ಕನ್ನಡಕದ ಜೊತೆಗೆ ಅವರಿಗೆ ಹತ್ತಿಕೊಂಡ ಇನ್ನೊಂದು ಗೀಳು ನಾಣ್ಯ. ನಾಣ್ಯಗಳು ಅವರ ಪಾಲಿಗೆ ಬಂದದ್ದು ಸೋದರಮಾವನಿಂದ. ಆತ ಹಡಗಿನಲ್ಲಿ ಅಡುಗೆಯವನಾಗಿದ್ದ. ಬಂದರಿನಿಂದ ಬಂದರಿಗೆ ಹೋಗುತ್ತ ಜೇಬಿನಲ್ಲಿ ಉಳಿದ ಚಿಲ್ಲರೆಯನ್ನೆಲ್ಲ ಒಂದು ಉಣ್ಣೆಯ ಕಾಲುಚೀಲಕ್ಕೆ ಹಾಕಿ ಗಂಟು ಬಿಗಿಯುತ್ತಿದ್ದ. ಆತ ತೀರಿಕೊಂಡ ಮೇಲೆ ಗಂಟು ಬಿಚ್ಚದ ಆ ಕಾಲುಚೀಲ ಸೋದರಳಿಯನ ಕೈಗೆ ಬಂತು. ಮೇಜಿನ ಮೇಲೆ ಸುರಿದು ನೋಡಿದಾಗ ಚಾಳೀಸಪ್ಪನವರ ಕಣ್ಣು ತುಂಬಿ ಬಂತು. ಮಾವ ಸತ್ತ ದುಃಖಕ್ಕೋ, ನಾಣ್ಯಗಳ ಅಂದಕ್ಕೋ ಎಂದು ನಾಣ್ಯಸಂಘದವರಾದ ನಾವು ಆಮೇಲೆ ಕೇಳಿದ್ದೆವು. ಎರಡಕ್ಕೂ ಅಲ್ಲವಂತೆ, ಆ ಕಾಲುಚೀಲಕ್ಕಂತೆ.

“ಇಡೀ ಪ್ರಪಂಚ ಸುತ್ತಿ ಬಂದ ನಾಣ್ಯಗಳು ಕಣೇ! ಇವನ್ನ ಕಾಲುಚೀಲದಲ್ಲಿ ಇಡೋದಾ?”

“ಪ್ರಪಂಚ ಸುತ್ತೋಕೆ ಕಾಲೇ ಬೇಕಲ್ಲ,” ಎಂದರು ಹೆಂಡತಿ, ಸೂಜಿಗಳ ಸಂದಿಯಿಂದ.

ಮಾವನ ಆತ್ಮಕ್ಕೆ ಶಾಂತಿ ಸಿಗಬೇಕಾದರೆ ನಾಣ್ಯಗಳಿಗೆ ತಕ್ಕ ಮನೆ ಆಗಬೇಕು ಎಂದು ಅವರು ತೀರ್ಮಾನಿಸಿದರು. ಮನೆಗಾಗಿ ಬಹಳ ಹುಡುಕಬೇಕಾಗಲಿಲ್ಲ. ಅದೇ ವಾರ ಕನ್ನಡಕದ ಸಗಟು ವ್ಯಾಪಾರಿ ತಂಪು ಕನ್ನಡಕಕ್ಕೆಂದು ಮೆತ್ತನೆಯ ಪ್ಲಾಸ್ಟಿಕ್ ಚೀಲಗಳ ಎರಡು ಮೂಟೆಯನ್ನು ತಪ್ಪಿ ಕಳಿಸಿದ್ದ. ವಾಪಸು ಸಾಗಿಸುವ ಖರ್ಚೇ ಹೆಚ್ಚೆಂದು ‘ನೀವೇ ಇಟ್ಕೊಳ್ಳಿ’ ಎಂದುಬಿಟ್ಟಿದ್ದ. ನೀರಿನಂತೆ ಪಾರದರ್ಶಕವಾದ ಚೀಲಗಳು. ಬೆರಳಿಗೆ ಬೆಣ್ಣೆಯಂತೆ ನುಣುಪು. ಚಾಳೀಸಪ್ಪನವರು ಅವನ್ನು ಕತ್ತರಿಸಿ, ಇಸ್ತ್ರಿಪೆಟ್ಟಿಗೆಯ ತುದಿಯಿಂದ ಅಂಚು ಬೆಸೆದು, ಅಂಗೈಯಗಲದ ಪುಟ್ಟ ಕಿಸೆಗಳನ್ನಾಗಿ ಮಾಡಿದರು. ಒಂದೊಂದು ಕಿಸೆಗೆ ಒಂದೊಂದು ನಾಣ್ಯ. ಪ್ಲಾಸ್ಟಿಕ್ಕಿನೊಳಗೆ ನಾಣ್ಯಗಳು ಆಗತಾನೆ ಸ್ನಾನ ಮಾಡಿ ಬಂದಂತೆ ಹೊಳೆದವು.

“ತಲೆ ಸಿಡೀತಿದೆ ಆ ವಾಸನೆಗೆ,” ಎಂದರು ಹೆಂಡತಿ.

“ಅದು ಹೊಸ ವಸ್ತುವಿನ ವಾಸನೆ.”

“ಹೊಸ ಬಟ್ಟೆಯ ವಾಸನೆ ನನಗೆ ಗೊತ್ತು. ಇದು ಏನೋ ಬೆವರ್ತಿರೋ ವಾಸನೆ.”

ಹೊಲಿಗೆಯವರ ಮೂಗನ್ನು ಯಾರು ನಂಬುತ್ತಾರೆ? ಆಕೆ ಎದ್ದು ಕಿಟಕಿ ತೆರೆದರು, ಅಷ್ಟೆ.

ಮುಂದಿನ ಭಾನುವಾರ ಚಾಳೀಸಪ್ಪನವರು ನಮ್ಮ ಸಂಘಕ್ಕೆ ಬಂದರು. ಲಾಂಡ್ರಿಯ ಮೇಲಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಸೇರುವ ನಾಣ್ಯಸಂಗ್ರಾಹಕರ ಸಂಘ ಅದು. ಕೆಳಗಿನಿಂದ ಹಬೆ ಬರುತ್ತಿತ್ತು, ಮೇಲೆ ನಾವು ಜಗಳವಾಡುತ್ತಿದ್ದೆವು. ನಮ್ಮ ನಾಣ್ಯಗಳು ಬೆಂಕಿಪೊಟ್ಟಣ, ಮಾತ್ರೆಯ ಸೀಸೆ, ಮುದುಡಿದ ಕಾಗದ, ಹೀಗೆ ಎಲ್ಲೆಂದರಲ್ಲಿ ಬಾಳುತ್ತಿದ್ದವು. ಅದನ್ನೆಲ್ಲ ನೋಡಿದ ಚಾಳೀಸಪ್ಪನವರು ಆಸ್ಪತ್ರೆಯ ನೆಲದ ಮೇಲೆ ರೋಗಿಗಳನ್ನು ಕಂಡ ವೈದ್ಯರಂತೆ ನಿಟ್ಟುಸಿರಿಟ್ಟರು. ಆಮೇಲೆ ಎದ್ದುನಿಂತು, ಯಾರೂ ಕೇಳದಿದ್ದರೂ, ‘ನಾಣ್ಯಕ್ಕೊಂದು ನೆಲೆ’ ಎಂಬ ವಿಷಯದ ಮೇಲೆ ಮಾತಾಡಿದರು. ಮಾತು ಮುಗಿಸಿ, ತಮ್ಮ ಅಂಗಡಿಯ ಮೊಹರು ಒತ್ತಿದ ಕಿಸೆಗಳನ್ನು ಎಲ್ಲರಿಗೂ ಪುಕ್ಕಟೆ ಹಂಚಿದರು.

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನಮ್ಮದು. ಒಬ್ಬೊಬ್ಬರು ಎರಡೆರಡು ಸಲ ಸರದಿಯಲ್ಲಿ ನಿಂತರು. ಸಂಘದ ಕಾರ್ಯದರ್ಶಿ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು. ಅವರು ಕಿಸೆಯೊಂದನ್ನು ಬೆಳಕಿಗೆ ಹಿಡಿದು, ಎಳೆದು, ಬಗ್ಗಿಸಿ, “ಬಹಳ ವೈಜ್ಞಾನಿಕವಾಗಿದೆ” ಎಂದು ಘೋಷಿಸಿದರು. ಮೂವತ್ತು ವರ್ಷ ಅದೇ ವಿಜ್ಞಾನ ಹೇಳಿಕೊಟ್ಟವರ ಬಾಯಿಂದ ಬಂದ ಮಾತಿಗೆ ಎದುರುಂಟೆ? ಅವತ್ತೇ ಹಳೆಯ ಅಧ್ಯಕ್ಷರು ಆರೋಗ್ಯ ಸರಿಯಿಲ್ಲವೆಂದು ಬಿಡುವು ಬೇಡಿದರು. ಚಾಳೀಸಪ್ಪನವರು ಅಧ್ಯಕ್ಷರಾದರು. ಅವರ ಮೊದಲ ಆಜ್ಞೆ, ಸಭೆಗೆ ಬರುವ ಯಾವ ನಾಣ್ಯವೂ ಕಾಗದದಲ್ಲಿ ಸುತ್ತಿಕೊಂಡು ಬರಕೂಡದು.

ಆ ಆಜ್ಞೆಯಿಂದ ಕಷ್ಟಕ್ಕೆ ಬಂದದ್ದು ಆಂಬುಲೆನ್ಸ್ ಅಕ್ಕ. ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುವ ಆಕೆಗೆ ನಮ್ಮ ಹಾಗೆ ಸಂಗ್ರಹದ ಹುಚ್ಚಿರಲಿಲ್ಲ. ಆಕೆಯ ಹತ್ತಿರ ಹೇಳಿಕೊಳ್ಳುವಂಥದ್ದು ಒಂದೇ ನಾಣ್ಯ: ನಡುವೆ ತೂತಿದ್ದ ತಾಮ್ರದ ಬಿಲ್ಲೆ. ಆಕೆಯ ಅಪ್ಪ ಬಸ್ಸಿನ ಕಂಡಕ್ಟರು. ಚಲಾವಣೆ ನಿಂತುಹೋದ ಆ ನಾಣ್ಯವನ್ನು ಯಾವನೋ ಪ್ರಯಾಣಿಕ ಜನಜಂಗುಳಿಯಲ್ಲಿ ಅವನ ಕೈಗೆ ದಾಟಿಸಿದ್ದ. ಮೋಸ ಹೋದದ್ದು ತಿಳಿದ ಮೇಲೆ ಆತ ಸಿಟ್ಟಾಗುವುದು ಬಿಟ್ಟು ಅದನ್ನು ತನ್ನ ಸೀಟಿಯ ದಾರಕ್ಕೆ ಪೋಣಿಸಿಕೊಂಡ. ಕೆಲಸ ಬಿಡುವವರೆಗೂ ಅದು ಅವನ ಎದೆಯ ಮೇಲೆ ತೂಗುತ್ತಿತ್ತು. ಬಿಡುವಾದಾಗಲೆಲ್ಲ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ, ಅದರ ಮೇಲಿದ್ದ ಹಕ್ಕಿಯಲ್ಲಿ ಅರ್ಧ ರೆಕ್ಕೆ ಮತ್ತು ಕೊಕ್ಕು ಮಾತ್ರ ಉಳಿದಿದ್ದವು.

“ನಂದು ಕಾಗದದಲ್ಲೇ ಇರ್ಲಿ ಬಿಡಿ ಸಾರ್, ಇಷ್ಟು ದಿನ ಇತ್ತಲ್ಲ,” ಎಂದಳು ಅಕ್ಕ.

“ಇಷ್ಟು ದಿನ ಇದ್ದದ್ದು ಅದೃಷ್ಟ ಕಣಮ್ಮ, ರಕ್ಷಣೆ ಅಲ್ಲ. ಆಂಬುಲೆನ್ಸ್ ಓಡಿಸೋಳು ನೀನೇ ಹೀಗಂದ್ರೆ ಹೇಗೆ?”

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಚಾಳೀಸಪ್ಪನವರು ತಮ್ಮ ಕೈಯಾರೆ ಆ ಬಿಲ್ಲೆಯನ್ನು ಕಿಸೆಗೆ ಸೇರಿಸಿ, ಗಾಳಿಯಾಡದಂತೆ ಬಾಯಿ ಬೆಸೆದು ಕೊಟ್ಟರು.

ಕೆಲವು ಮಳೆಗಾಲಗಳು ಕಳೆದವು. ಪುಕ್ಕಟೆ ಕಿಸೆಗಳ ಪುಣ್ಯದಿಂದ ಅಧ್ಯಕ್ಷರು ಪ್ರತಿ ವರ್ಷ ಅವಿರೋಧವಾಗಿ ಆರಿಸಿ ಬಂದರು. ಪಕ್ಕದ ಊರುಗಳ ಸಂಘಗಳೂ ಕಿಸೆ ತರಿಸಿಕೊಂಡವು. ಸೋಜಿಗವೆಂದರೆ, ನಾಣ್ಯಗಳು ಅಷ್ಟು ಸುರಕ್ಷಿತವಾದ ಮೇಲೆ ಯಾರೂ ಅವನ್ನು ತೆಗೆದು ನೋಡುವ ಗೋಜಿಗೇ ಹೋಗಲಿಲ್ಲ. ಬೆಂಕಿಪೊಟ್ಟಣದಲ್ಲಿದ್ದಾಗ ದಿನಕ್ಕೊಮ್ಮೆಯಾದರೂ ಕಳೆದುಹೋಗಿದೆಯೇ ಎಂದು ನೋಡುತ್ತಿದ್ದವರು ಈಗ ಕಿಸೆಗಳನ್ನು ಬೀರುವಿನ ತಳಕ್ಕೆ ಹಾಕಿ ನಿಶ್ಚಿಂತರಾಗಿದ್ದರು.

ಒಂದು ಬೆಳಗ್ಗೆ ಚಾಳೀಸಪ್ಪನವರು ಗಿರಾಕಿಯೊಬ್ಬರ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತಿದ್ದಾಗ ಆಂಬುಲೆನ್ಸ್ ಬಂದು ಅಂಗಡಿಯ ಮುಂದೆ ನಿಂತಿತು. ಬೀದಿಯವರೆಲ್ಲ ಯಾರಿಗೆ ಏನಾಯಿತೋ ಎಂದು ಬಾಗಿಲಿಗೆ ಬಂದರು. ಅಕ್ಕ ಇಳಿದು ಬಂದು ಮೇಜಿನ ಮೇಲೆ ಕಿಸೆ ಇಟ್ಟಳು.

ಕಿಸೆ ಹಳದಿಗಟ್ಟಿ ಅಂಟಂಟಾಗಿತ್ತು. ಒಳಗೆ ಹಸಿರು ಲೋಳೆ. ಪಾಚಿಗಟ್ಟಿದ ಕಲ್ಲಿನಂತೆ ನಾಣ್ಯ ಅದರೊಳಗೆ ಕೂತಿತ್ತು.

“ಇದೇನು ಸಾರ್?”

ಚಾಳೀಸಪ್ಪನವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. “ಇದು... ತಾಮ್ರಕ್ಕೆ ವಯಸ್ಸಾದಾಗ ಬರೋ ಬಣ್ಣ. ಹಳೇ ಪ್ರತಿಮೆಗಳ ಮೇಲೆ ನೋಡಿಲ್ವಾ? ಇದನ್ನ ನಾಣ್ಯದ ಸೌಂದರ್ಯ ಅಂತಾರೆ.”

“ಸೌಂದರ್ಯ ಕೈಗೆ ಅಂಟುತ್ತಾ ಸಾರ್?”

ಗಿರಾಕಿ ಹೊಸ ಕನ್ನಡಕದಲ್ಲೇ ಬಾಗಿ ನೋಡಿ, “ಸ್ಪಷ್ಟವಾಗಿ ಕಾಣ್ತಿದೆ, ಕೊಳೆತಿದೆ,” ಎಂದರು. ಅಂಗಡಿಯ ಮಾಲಿನ ಗುಣಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣ ಬೇಕಿರಲಿಲ್ಲ. ಆದರೆ ಅಂಗಡಿಯವರಿಗೆ ಸಂತೋಷವಾಗಲಿಲ್ಲ. ಅಕ್ಕ ಗಲಾಟೆ ಮಾಡುವವಳಲ್ಲ. ಕಿಸೆಯನ್ನು ಅಲ್ಲೇ ಬಿಟ್ಟು, “ಡ್ಯೂಟಿ ಇದೆ, ನೋಡಿ ಹೇಳಿ,” ಎಂದು ಹೊರಟುಹೋದಳು.

ಗಿರಾಕಿಯನ್ನು ಸಾಗಹಾಕಿ ಅವರು ಪರದೆಯ ಹಿಂದೆ ಹೋಗಿ ಮಾವನ ನಾಣ್ಯಗಳ ಪೆಟ್ಟಿಗೆ ತೆರೆದರು. ಮುಚ್ಚಳ ಎತ್ತಿದ್ದೇ ತಡ, ಹುಳಿ ಬೆರೆತ ಆ ಹಳೆಯ ವಾಸನೆ ಕೋಣೆಯನ್ನೆಲ್ಲ ತುಂಬಿತು. ಬೆಳ್ಳಿಯ ನಾಣ್ಯಗಳ ಮೇಲೆ ಮಂಜು ಕವಿದ ಹಾಗೆ ಜಿಡ್ಡು. ತಾಮ್ರದವಕ್ಕೆಲ್ಲ ಹಸಿರು ಕಜ್ಜಿ. ಬಿರುಗಾಳಿ ದಾಟಿ, ಉಪ್ಪುನೀರು ಕುಡಿದು, ಕಾಲುಚೀಲದಲ್ಲಿ ಉಸಿರಾಡಿ ಬದುಕಿದ್ದ ನಾಣ್ಯಗಳು ಅಳಿಯನ ಆರೈಕೆಯಲ್ಲಿ ಹಾಸಿಗೆ ಹಿಡಿದಿದ್ದವು. ಅವರು ಹೆಂಡತಿಯ ಕಡೆ ನೋಡಿದರು. ಆಕೆ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದರು. ದೊಡ್ಡ ಮಾತೊಂದು ಬರಲಿದೆ ಎಂದು ಅವರು ಕಾದರು. ಆಕೆ ಎದ್ದು ಕಿಟಕಿ ತೆರೆದು ಮತ್ತೆ ಬಂದು ಕೂತರು. ಬೈದಿದ್ದರೆ ವಾಸಿಯಿತ್ತು ಎಂದು ಅವರು ನಮ್ಮೆದುರು ಎಷ್ಟೋ ಸಲ ಹೇಳಿದ್ದಾರೆ.

ಸುದ್ದಿ ಹರಡಿತು. ಎಲ್ಲರೂ ತಮ್ಮ ತಮ್ಮ ಬೀರು ತೆರೆದು ನೋಡಿದರು. ಮುಂದಿನ ಸಭೆಗೆ ಬಂದಷ್ಟು ಜನ ಸಂಘದ ಇತಿಹಾಸದಲ್ಲೇ ಬಂದಿರಲಿಲ್ಲ. ಒಬ್ಬರು ಹಸಿರು ಕಿಸೆಯನ್ನು ಅಧ್ಯಕ್ಷರ ಮೇಜಿನ ಮೇಲೆ ಬಿಸಾಡಿದರು. ಅದು ಅಲ್ಲೇ ಅಂಟಿಕೊಂಡಿತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ನನಗೆ ಮೊದಲಿಂದಲೂ ಅನುಮಾನ ಇತ್ತು.”

“ಹಾಗಿದ್ರೆ ಹೇಳ್ಬೇಕಿತ್ತಲ್ಲ ಸಾರ್?” ಎಂದಳು ಅಕ್ಕ ಹಿಂದಿನ ಸಾಲಿನಿಂದ.

“ಯಾರೂ ಕೇಳ್ಲಿಲ್ಲ. ವಿಜ್ಞಾನಿ ಕೇಳದೆ ಹೇಳಬಾರದು.”

ಆಗ ಚಾಳೀಸಪ್ಪನವರು ಎದ್ದರು. ರಾಜೀನಾಮೆ ಕೊಡಲೆಂದೇ ಬಂದಿದ್ದರು. ಪಾಪ, ಅದರಲ್ಲಿ ಸುಳ್ಳಿರಲಿಲ್ಲ. ಆದರೆ ರಾಜೀನಾಮೆ ಕೊಡುವ ಮುನ್ನ ಕಾರಣ ವಿವರಿಸಬೇಕಲ್ಲ? ಹಲವು ವಾರಗಳಿಂದ ಅವರು ಸಗಟು ವ್ಯಾಪಾರಿಯನ್ನು ಕಾಡಿ, ಗ್ರಂಥಾಲಯ ಜಾಲಾಡಿ, ನಿದ್ದೆಗೆಟ್ಟು ವಿಷಯ ಕಲಿತಿದ್ದರು. ಜೇಬಿನಿಂದ ತಾಮ್ರದ ತಂತಿಯೊಂದನ್ನು ತೆಗೆದು, ಮೇಣದಬತ್ತಿ ಹಚ್ಚಿ, ತಂತಿಯನ್ನು ಕಾಯಿಸಿದರು.

“ಈ ಪ್ಲಾಸ್ಟಿಕ್ ಹುಟ್ಟಾ ಗಟ್ಟಿ. ಇದನ್ನ ಮೆತ್ತಗೆ ಮಾಡೋಕೆ ಎಣ್ಣೆಯಂಥದ್ದು ಬೆರೆಸ್ತಾರೆ. ಮೆತ್ತಗಿದೆ ಅಂತ ನಾವು ಮರುಳಾಗ್ತೀವಿ. ವರ್ಷ ಕಳೀತಾ ಆ ಎಣ್ಣೆ ಬೆವರಾಗಿ ಹೊರಗೆ ಬರುತ್ತೆ, ಪ್ಲಾಸ್ಟಿಕ್ ಆಮ್ಲ ಕಾರುತ್ತೆ, ಆ ಆಮ್ಲ ತಾಮ್ರ ತಿನ್ನುತ್ತೆ. ನೋಡಿ, ಅದರ ಗುರುತು ಹೇಗೆ ಹಿಡಿಯೋದು ಅಂತ!”

ಕಾದ ತಂತಿಯನ್ನು ತಮ್ಮದೇ ಕಿಸೆಗೆ ಒತ್ತಿ ಮತ್ತೆ ಜ್ವಾಲೆಗೆ ಹಿಡಿದರು. ಜ್ವಾಲೆ ಗಿಳಿಹಸಿರಾಯಿತು. ಕೋಣೆಯಲ್ಲಿ ‘ಆಹಾ’ ಎಂಬ ಉದ್ಗಾರ. ಇನ್ನೊಂದು ಗಟ್ಟಿ ಪ್ಲಾಸ್ಟಿಕ್ಕಿಗೆ ಒತ್ತಿದರು. ಜ್ವಾಲೆ ಬಣ್ಣ ಬದಲಿಸಲಿಲ್ಲ. ‘ಓಹೋ’ ಎಂಬ ಉದ್ಗಾರ. ಆಮೇಲೆ ಎಲ್ಲರಿಗೂ ತಮ್ಮ ತಮ್ಮ ವಸ್ತುಗಳನ್ನು ಪರೀಕ್ಷಿಸುವ ಹುರುಪು ಬಂತು. ಒಬ್ಬರ ಚಪ್ಪಲಿ ಹಸಿರು ಕಾರಿತು, ಒಬ್ಬರ ಮಳೆಕೋಟು ಹಸಿರು ಕಾರಿತು. ಮೇಷ್ಟ್ರ ಚೀಲವಂತೂ ಹಸಿರು ಕಾರಿದ್ದಲ್ಲದೆ ತೂತೂ ಬಿತ್ತು. ಜಾದೂ ಮುಗಿಯುವ ಹೊತ್ತಿಗೆ, ನಾಣ್ಯ ಹಾಳುಮಾಡಿದವರು ಯಾರು ಎಂಬುದೇ ಮರೆತುಹೋಗಿತ್ತು. ನಾಣ್ಯ ಹಾಳಾಗುವುದು ಹೇಗೆ ಎಂದು ಇಡೀ ಸಂಘದಲ್ಲಿ ಬಲ್ಲವರು ಒಬ್ಬರೇ ಎಂಬುದು ಮಾತ್ರ ಎಲ್ಲರಿಗೂ ಮನದಟ್ಟಾಗಿತ್ತು.

“ಇಂಥ ಹೊತ್ತಲ್ಲಿ ಅನುಭವಸ್ಥರೇ ಅಧ್ಯಕ್ಷರಾಗಿರಬೇಕು,” ಎಂದರು ಮೇಷ್ಟ್ರು. ಕೈಗಳು ಎದ್ದವು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನಮಗೆ ಕೆಟ್ಟ ಮೇಲೆ ಅಧ್ಯಕ್ಷರು ಬಂದರು, ಅದೂ ಅವರೇ. ಕೈ ಎತ್ತದಿದ್ದವಳು ಆಂಬುಲೆನ್ಸ್ ಅಕ್ಕ ಒಬ್ಬಳೇ.

ಅಲ್ಲಿಂದ ಶುಶ್ರೂಷೆಯ ಕಾಲ. ಶುದ್ಧ ಅಸಿಟೋನ್ ದ್ರವದಲ್ಲಿ ನಾಣ್ಯವನ್ನು ನೆನೆಹಾಕಿದರೆ ಲೋಳೆ ತಾನೇ ಕರಗುತ್ತದೆ, ತಿಕ್ಕಕೂಡದು, ಅಂಚು ಹಿಡಿದು ಎತ್ತಬೇಕು, ಹತ್ತಿರ ಬೆಂಕಿ ಇರಕೂಡದು. ಚಾಳೀಸಪ್ಪನವರು ಅಂಗಡಿಯ ಹಿತ್ತಿಲಲ್ಲಿ ಗಾಜಿನ ಬಟ್ಟಲುಗಳನ್ನು ಸಾಲಾಗಿಟ್ಟು ಎಲ್ಲರ ನಾಣ್ಯಗಳನ್ನೂ ಒಂದೊಂದಾಗಿ ತೊಳೆದರು. ಈ ಕೆಲಸದಲ್ಲಿ ಅವರು ನಿಜಕ್ಕೂ ತಾಯಿಯಂತಿದ್ದರು, ಅದನ್ನು ಒಪ್ಪಲೇಬೇಕು. ಬಹಳಷ್ಟು ನಾಣ್ಯಗಳು ಚೇತರಿಸಿಕೊಂಡವು. ಮಾವನ ಬೆಳ್ಳಿಯೂ ಕಣ್ಣು ಬಿಟ್ಟಿತು.

ಅಕ್ಕನ ಬಿಲ್ಲೆ ಮಾತ್ರ ಹಾಗಾಗಲಿಲ್ಲ. ಲೋಳೆ ಕರಗಿದ ಮೇಲೆ ಅದರ ಕೆಳಗೆ ತಾಮ್ರವೇ ತಿಂದುಹೋಗಿ ಗುಳಿ ಬಿದ್ದಿತ್ತು. ಹಕ್ಕಿಯ ರೆಕ್ಕೆಗೆ ಸಿಡುಬು ಬಂದಂತಿತ್ತು. ಅದನ್ನು ಹಾಗೇ ವಾಪಸು ಕೊಡಲು ಚಾಳೀಸಪ್ಪನವರಿಗೆ ಮನಸ್ಸಾಗಲಿಲ್ಲ. ಒಂದು ಮಧ್ಯಾಹ್ನ, ಹೆಂಡತಿ ಗಿರಾಕಿಯ ಮನೆಗೆ ಅಳತೆ ತೆಗೆದುಕೊಳ್ಳಲು ಹೋಗಿದ್ದಾಗ, ಅಂಗಡಿಯ ಕದ ಅರ್ಧ ಎಳೆದುಕೊಂಡು, ಮಸೂರಕ್ಕೆ ಹೊಳಪು ಕೊಡುವ ಗುಲಾಬಿ ಪುಡಿಯನ್ನು ಒದ್ದೆ ಬಟ್ಟೆಗೆ ಸವರಿಕೊಂಡರು. ಊರಿಗೆಲ್ಲ ‘ತಿಕ್ಕಕೂಡದು’ ಎಂದು ಸಾರಿದವರು ತಿಕ್ಕಿದರು. ಇನ್ನೊಂಚೂರು, ಇನ್ನೊಂಚೂರು. ಗುಳಿಗಳು ಸಮವಾಗುತ್ತ ಬಂದವು. ಹಿಗ್ಗಿದರು. ಬಟ್ಟೆ ಸರಿಸಿ ನೋಡಿದರೆ ಬಿಲ್ಲೆ ಹೊಸ ಗುಂಡಿಯಂತೆ ಥಳಥಳಿಸುತ್ತಿತ್ತು, ಹಕ್ಕಿ ಇರಲಿಲ್ಲ.

ಮೂರು ದಿನ ಅವರು ಊಟ ಸರಿಯಾಗಿ ಮಾಡಲಿಲ್ಲವಂತೆ. ಆಮೇಲೆ ಮುಚ್ಚಿಡದೆ ಆಸ್ಪತ್ರೆಗೇ ಹೋಗಿ ಅಕ್ಕನ ಕೈಗೆ ಕೊಟ್ಟರು. ಅಷ್ಟರ ಮಟ್ಟಿಗೆ ಧೈರ್ಯವಂತರು.

ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ತೂತಿನೊಳಗೆ ಬೆರಳ ತುದಿ ಇಟ್ಟು ನೋಡಿದಳು. “ಇದು ನಮ್ಮಪ್ಪಂದಲ್ಲ ಸಾರ್,” ಎಂದಳು.

“ಅದೇ ಕಣಮ್ಮ. ಸ್ವಲ್ಪ... ಹೊಳಪು ಕೊಡೋಕೆ ಹೋಗಿ—”

“ಅದೇ ಅಂತ ಗೊತ್ತು. ಆದ್ರೂ ಅವರದಲ್ಲ. ಅವರು ತಿಕ್ಕಿದ್ದೇ ಬೇರೆ, ನೀವು ತಿಕ್ಕಿದ್ದೇ ಬೇರೆ.” ಬಿಲ್ಲೆಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. “ನೀವೇ ಇಟ್ಕೊಳ್ಳಿ. ಸುರಕ್ಷಿತವಾಗಿರುತ್ತೆ.”

ಅದಾದ ಮೇಲೆ ಆಕೆ ಸಂಘಕ್ಕೆ ಬರುವುದನ್ನೇ ನಿಲ್ಲಿಸಿದಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ತಣ್ಣಗಾಗುತ್ತಿದ್ದರು. ಚಾಳೀಸಪ್ಪನವರಿಗೆ ಕೊರಗು ಹೊಟ್ಟೆಗಿಳಿದು ಕಾಯಿದೆಯಾಗಿ ಹೊರಬಂತು. ಮೆತ್ತಗಿರುವುದೆಲ್ಲ ಮೋಸ, ಇನ್ನು ಮೇಲೆ ಗಟ್ಟಿ ಡಬ್ಬಿಯೇ ಗತಿ ಎಂದರು. ಒಂದೊಂದು ನಾಣ್ಯಕ್ಕೂ ಅದರ ಅಳತೆಯದೇ ಗುಂಡನೆಯ, ಗಡುಸು ಪ್ಲಾಸ್ಟಿಕ್ಕಿನ ಪಾರದರ್ಶಕ ಡಬ್ಬಿ. ಡಬ್ಬಿಗಳಿಗೊಂದು ಲೋಹದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ತೇವ ಹೀರುವ ಹರಳಿನ ಪುಡಿಕೆ. ಮರದ ಬೀರು ನಿಷಿದ್ಧ, ಮರವೂ ಆಮ್ಲದ ಉಸಿರು ಬಿಡುತ್ತದೆ. ರಬ್ಬರ್ ಬ್ಯಾಂಡು ನಿಷಿದ್ಧ, ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ನಾಣ್ಯ ಕೂರಿಸುವ ರಟ್ಟಿನ ಚೌಕಕ್ಕೆ ಸ್ಟೇಪ್ಲರ್ ಪಿನ್ನು ಹೊಡೆದರೆ ಅದರ ಕಾಲನ್ನು ಚಪ್ಪಟೆ ಮಾಡಲೇಬೇಕು, ಇಲ್ಲವಾದರೆ ಪಕ್ಕದ ನಾಣ್ಯದ ಕೆನ್ನೆ ಗೀರುತ್ತದೆ. ಇದೆಲ್ಲ ಸರಿಯಾದ ಮಾತೇ. ಒಂದೂ ಸುಳ್ಳಲ್ಲ. ಆದರೆ ಹೊಸ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ನಾಣ್ಯದ ಎದುರು ಮಾತಾಡಿದರೆ ಎಂಜಲು ಸಿಡಿಯುತ್ತದೆಂದು ಅಧ್ಯಕ್ಷರು ಸಭೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಸಿದರು. ಕೈಗವಸು ಕಡ್ಡಾಯವಾಯಿತು. ಮನೆಯಲ್ಲಿ ಮರದ ಬೀರುವೆಲ್ಲ ಹೊರಗೆ ಹೋಗಿ, ಹೆಂಡತಿಯ ಬಟ್ಟೆಗಳು ಕುರ್ಚಿಯ ಮೇಲೆ ಬಂದವು.

“ನಾಣ್ಯಕ್ಕೆ ಇಷ್ಟು ಮಾಡ್ತೀರಿ. ನನ್ನನ್ನೂ ಒಂದು ಡಬ್ಬೀಲಿ ಹಾಕಿಬಿಡಿ,” ಎಂದರು ಆಕೆ.

“ನಿನ್ನ ಅಳತೇದು ಬರಲ್ಲ,” ಎಂದು ಬಾಯಿ ತಪ್ಪಿ ಅಂದದ್ದಕ್ಕೆ ಎರಡು ವಾರ ಅವರ ಅಂಗಿಗಳಿಗೆ ಗುಂಡಿ ಇರಲಿಲ್ಲ. ಗುಂಡಿಗಳೆಲ್ಲ ಗಾತ್ರದ ಪ್ರಕಾರ ನಾಣ್ಯದ ಡಬ್ಬಿಗಳಲ್ಲಿ ಸುಖವಾಗಿ ಕೂತಿದ್ದವು. ಆಕೆಗೆ ಡಬ್ಬಿಗಳ ಉಪಯೋಗ ಅಷ್ಟರಲ್ಲಿ ತಿಳಿದಿತ್ತು.

ಸಂಘದಲ್ಲೂ ಗಾಳಿ ಬದಲಾಯಿತು. ಯಾವ ಅರಸನ ನಾಣ್ಯ, ಯಾವ ಟಂಕಸಾಲೆಯದು ಎಂಬ ಮಾತೇ ನಿಂತುಹೋಯಿತು. “ನಿಮ್ಮ ಮುಚ್ಚಳ ತಿರುಗಿಸೋದಾ, ಒತ್ತೋದಾ?” ಎಂದು ಕೇಳುವವರು, “ನಂದು ಗೀರು ಬೀಳದ ಮುಚ್ಚಳ” ಎಂದು ಎದೆಯುಬ್ಬಿಸುವವರು. ಒಳ್ಳೆಯ ಡಬ್ಬಿ ಸಿಕ್ಕಿತೆಂದು ಅದರ ಅಳತೆಗೆ ಹೊಂದುವ ನಾಣ್ಯ ಹುಡುಕಿಕೊಂಡು ಹೋದವರೂ ಉಂಟು.

ವರ್ಷದ ಕೊನೆಗೆ ಸಾರ್ವಜನಿಕ ಪ್ರದರ್ಶನ ಏರ್ಪಟ್ಟಿತು. ಮ್ಯೂಸಿಯಮ್ಮಿನ ಹಿರಿಯ ಅಧಿಕಾರಿಯೊಬ್ಬರನ್ನು ತೀರ್ಪುಗಾರರಾಗಿ ಕರೆದಿದ್ದೆವು. ಜನ ಬಂದರು, ಸಾಲಾಗಿ ಸುತ್ತಿದರು. ಗಾಜಿನ ಕೆಳಗೆ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಡಬ್ಬಿ. ದೀಪದ ಪ್ರತಿಫಲನ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹೆಂಗಸೊಬ್ಬಳು ಗಂಡನನ್ನು “ಇಲ್ಲಿ ಏನು ಮಾರ್ತಾರ್ರೀ?” ಎಂದು ಕೇಳಿದಳು. ಗಂಡ, “ಕಿವಿ ಕೇಳಿಸೋ ಯಂತ್ರ ಇರಬೇಕು,” ಎಂದ.

ಅಧಿಕಾರಿಗಳು ಗಂಭೀರವಾಗಿ ಎಲ್ಲ ಮೇಜುಗಳನ್ನೂ ಸುತ್ತಿ ಮೊದಲ ಬಹುಮಾನವನ್ನು ಮೇಷ್ಟ್ರಿಗೆ ಕೊಟ್ಟರು. ಡಬ್ಬಿಯ ಹೊರಗೆ ಡಬ್ಬಿ, ಅದರ ಹೊರಗೆ ಇನ್ನೊಂದು; ನಡುವೆ ಕಪ್ಪು ಮೆತ್ತೆ; ನಾಲ್ಕು ಮೂಲೆಗೂ ತೇವ ಹೀರುವ ಪುಡಿಕೆ. “ಸಂರಕ್ಷಣೆ ಅಂದ್ರೆ ಇದು,” ಎಂದರು ಅಧಿಕಾರಿಗಳು. ಚಪ್ಪಾಳೆ ಬಿತ್ತು. ಬಹುಮಾನ ವಿತರಣೆಗೆಂದು ಅಧ್ಯಕ್ಷರು ಆ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು, ಹೆಮ್ಮೆಯಿಂದ, ಅಂಗಡಿಯ ಅಭ್ಯಾಸದಂತೆ ಬೆಳಕಿಗೆ ಓರೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು.

ಒಳಗೆ ನಾಣ್ಯವಿರಲಿಲ್ಲ.

“ಮೇಷ್ಟ್ರೇ,” ಎಂದು ಪಿಸುಗುಟ್ಟಿದರು, “ಇದು ಖಾಲಿ ಇದೆ!”

“ಮತ್ತೆ?” ಎಂದರು ಮೇಷ್ಟ್ರು, ಬಾಯಿಬಟ್ಟೆಯೊಳಗಿಂದ. “ಜನ ಓಡಾಡೋ ಕಡೆ ಧೂಳು, ಉಸಿರು, ತೇವ. ನಾಣ್ಯ ಹೊರಗೆ ತರೋದು ಸುರಕ್ಷಿತ ಅಲ್ಲ ಅಂತ ನೀವೇ ಹೇಳಿದ್ರಲ್ಲ? ಮನೇಲೇ ಬಿಟ್ಟು ಬಂದೆ.”

ಚಾಳೀಸಪ್ಪನವರು ನಮ್ಮ ಕಡೆ ತಿರುಗಿದರು. ಭಾಷಣ ಮಾಡುತ್ತಾರೆಂದು ನಾವು ಕಾದೆವು. ಅವರು ಬಾಯಿಬಟ್ಟೆ ಬಿಚ್ಚಿ, ಖಾಲಿ ಡಬ್ಬಿಯನ್ನೂ ಬಹುಮಾನವನ್ನೂ ಮೇಷ್ಟ್ರ ಕೈಗಿತ್ತು, ಕೈಮುಗಿದು, ಮೆಟ್ಟಿಲಿಳಿದು ಸೀದಾ ಹೊರಗೆ ನಡೆದರು. ಅವರು ಮಾತಾಡದೆ ವೇದಿಕೆ ಬಿಟ್ಟದ್ದು ಅದೇ ಮೊದಲು. ನಮಗೆಲ್ಲ ಗಾಬರಿಯಾಯಿತು.

ಅವರು ಹೋದದ್ದು ಆಸ್ಪತ್ರೆಯ ಅಂಗಳಕ್ಕೆ. ಅಕ್ಕ ಪ್ಯಾಂಟು ಮಡಿಸಿಕೊಂಡು ಪೈಪು ಹಿಡಿದು ಆಂಬುಲೆನ್ಸ್ ತೊಳೆಯುತ್ತಿದ್ದಳು.

“ಏನ್ ಸಾರ್, ಯಾರಿಗೆ ಏನಾಯ್ತು?”

“ಮೇಷ್ಟ್ರಿಗೆ ಬಹುಮಾನ ಬಂತು.”

“ಬರ್ಲಿ ಬಿಡಿ.”

“ಖಾಲಿ ಡಬ್ಬಿಗೆ.”

ಅವರು ನಡೆದದ್ದನ್ನೆಲ್ಲ ಹೇಳಿದರು. ಮೊದಲು ಅಕ್ಕ ತಡೆದುಕೊಂಡಳು. ‘ಮನೇಲೇ ಬಿಟ್ಟು ಬಂದೆ’ ಎನ್ನುವಲ್ಲಿಗೆ ಬಂದಾಗ ಪೈಪು ಕೈಜಾರಿತು. ಅವಳು ಗಾಡಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಪೈಪಿನ ನೀರು ಚಾಳೀಸಪ್ಪನವರ ಪಾದ ತೋಯಿಸಿತು. ಅವರೂ ನಗತೊಡಗಿದರು. ಅಳುವಂತಿದ್ದ ನಗು ಅದು ಎಂದು ಅಕ್ಕ ನಮಗೆ ಹೇಳಿದ್ದಾಳೆ.

ನಗು ಇಳಿದ ಮೇಲೆ ಅವರು ಅಂಗಿಯ ಜೇಬಿನಿಂದ ತಾಮ್ರದ ಬಿಲ್ಲೆ ತೆಗೆದರು. ಅದಕ್ಕೆ ಡಬ್ಬಿಯಿಲ್ಲ, ಕಿಸೆಯಿಲ್ಲ. ಬೀಗದ ಕೈ, ಚೌಕಟ್ಟಿನ ತಿರುಪು, ಪೆನ್ನು ಇವುಗಳ ಜೊತೆಗೇ ಇತ್ತು.

“ಇದನ್ನ ಯಾವುದರಲ್ಲಿ ಇಡ್ಬೇಕು ಅಂತ ತೋಚಲಿಲ್ಲ ಕಣಮ್ಮ. ನನ್ನ ಕೈ ತಾಕಿ ಒಂದು ಸಲ ಕೆಟ್ಟಿದ್ದು. ಹಾಗೇ ಜೇಬಲ್ಲಿ ಉಳೀತು.”

ಥಳಥಳಿಸುತ್ತಿದ್ದ ಬಿಲ್ಲೆ ಮೈಬೆವರಿಗೆ, ಬೆರಳಿಗೆ, ಬಟ್ಟೆಗೆ ಉಜ್ಜಿ ಉಜ್ಜಿ ಕಂದುಬಣ್ಣಕ್ಕೆ ತಿರುಗಿತ್ತು. ಹಕ್ಕಿ ಬಂದಿರಲಿಲ್ಲ, ಅದು ಬರುವುದೂ ಇಲ್ಲ. ಅಕ್ಕ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿ ಅದನ್ನು ತೆಗೆದುಕೊಂಡು, ಹೆಬ್ಬೆರಳಿನಿಂದ ಒಂದು ಸುತ್ತು ಸವರಿದಳು.

“ಪರವಾಗಿಲ್ಲ, ಬಣ್ಣ ಹಿಡೀತಿದೆ,” ಎಂದಳು. “ಇನ್ನೂ ಒಂದಷ್ಟು ವರ್ಷ ನಿಮ್ಮ ಜೇಬಲ್ಲೇ ಇರ್ಲಿ. ಆಮೇಲೆ ನೋಡೋಣ.”

“ನಾನು ಅಷ್ಟು ವರ್ಷ ಇರ್ತೀನೋ ಇಲ್ವೋ!”

“ಆಂಬುಲೆನ್ಸ್ ನಂದೇ ಅಲ್ವಾ ಸಾರ್, ಯೋಚನೆ ಯಾಕೆ?”

ಅವರು ಅಧ್ಯಕ್ಷಗಿರಿ ಬಿಟ್ಟರು. ಈಗ ಆ ಕುರ್ಚಿಯಲ್ಲಿ ಮೇಷ್ಟ್ರಿದ್ದಾರೆ, ಸಭೆಗೆ ನಾಣ್ಯ ತರುವುದೇ ಅಪಾಯವೆಂದು ಪಟ್ಟು ಹಿಡಿದಿದ್ದಾರೆ. ಚಾಳೀಸಪ್ಪನವರ ಮನೆಗೆ ಮರದ ಬೀರು ವಾಪಸು ಬಂತು, ಹೆಂಡತಿಯ ಬಟ್ಟೆಗಳಿಗೆ. ಮಾವನ ನಾಣ್ಯಗಳು ಗಟ್ಟಿ ಡಬ್ಬಿಗಳಲ್ಲೇ ಲೋಹದ ಪೆಟ್ಟಿಗೆಯಲ್ಲಿವೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತಿಂಗಳಿಗೊಮ್ಮೆ, ಅಂಗಡಿಗೆ ರಜೆಯಿರುವ ದಿನ, ಗಂಡಹೆಂಡಿರು ಕೈ ತೊಳೆದು ಒರೆಸಿಕೊಂಡು ಎಲ್ಲವನ್ನೂ ತೆರೆದು ಮೇಜಿನ ಮೇಲೆ ಹರಡುತ್ತಾರೆ. ಆಕೆ ಒಂದೊಂದು ಡಬ್ಬಿಯನ್ನೂ ಮೂಗಿಗೆ ಹಿಡಿದು ಮೂಸಿ, ಹೂಂ ಎಂದರೆ ಮಾತ್ರ ಮುಚ್ಚಳ ಮುಚ್ಚುವುದು. ಮೊನ್ನೆ ಒಂದು ಡಬ್ಬಿಗೆ ಆಕೆ ಮುಖ ಸಿಂಡರಿಸಿದರಂತೆ. ತಯಾರಕರ ಭರವಸೆ, ತಂತಿ, ಜ್ವಾಲೆ, ಯಾವುದನ್ನೂ ಕೇಳದೆ ಚಾಳೀಸಪ್ಪನವರು ಆ ಖಾಲಿ ಡಬ್ಬಿಯನ್ನು ಕಿಟಕಿಯಿಂದಾಚೆ ಎಸೆದರು. ಅದು ಬೀದಿಯಲ್ಲಿ ಹೋಗುತ್ತಿದ್ದ ನಮ್ಮ ಸಂಘದವರೊಬ್ಬರ ತಲೆಗೆ ಬಡಿಯಿತು. ಅವರು ಅದನ್ನು ಎತ್ತಿ ನೋಡಿ, ಒಳ್ಳೆಯ ಡಬ್ಬಿ ಎಂದು ಜೇಬಿಗೆ ಹಾಕಿಕೊಂಡು ಮನೆಗೆ ಹೋದರು.